ಮಲ್ಲೇಶಪ್ಪನವರ ಕೆಂಪು ದೀಪ

ಮಲ್ಲೇಶಪ್ಪನವರು ತಮ್ಮ ಕಾರಿನ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದರು. ಹೆಂಡತಿಯ ಜೊತೆ ಕನ್ನಡ, ದೇವರ ಜೊತೆ ಕನ್ನಡ, ಕಾರಿಗೆ ಮಾತ್ರ ಮರಾಠಿ. ಬೆಳಿಗ್ಗೆ ಬಾನೆಟ್ಟಿನ ಮೇಲೆ ಕೈಯಿಟ್ಟು "ಊಠ ಬಾಳಾ, ಊಠ" ಎಂದು ಎಬ್ಬಿಸುವರು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. "ಅದು ಸದಾಶಿವ ಪೇಟಿ ಮರಾಠಿ ಡಾಕ್ಟರ್ ಮನ್ಯಾಗ ಬೆಳದದ್ರಿ. ಅದಕ್ಕ ಕನ್ನಡ ಎಲ್ಲಿಂದ ಬರಬೇಕು?" ಎಂದರು. ಬೈಯುವುದು ಮಾತ್ರ ಕನ್ನಡದಲ್ಲೇ. ಮರಾಠಿಯಲ್ಲಿ ಬೈದರೆ ತಿಳಿದುಬಿಡುತ್ತದೆ, ಮನಸ್ಸಿಗೆ ಹಚ್ಚಿಕೊಂಡೀತು ಎಂದು.

ಪುಣೆಯ ಖಡಕಿಯಲ್ಲಿ ನಮ್ಮವು ಎದುರುಬದುರು ಮನೆ. ಅವರು ಧಾರವಾಡದ ಕಡೆಯವರು, ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ನಾನು ಯಾದಗಿರಿಯ ಕಡೆಯಿಂದ ಬಂದ ಗೌಂಡಿ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಇಡೀ ಓಣಿಗೆ ಅದೊಂದೇ ಕಾರು, ಹೆಸರುಬೇಳೆ ಬಣ್ಣದ್ದು. ರವಿವಾರ ಬಂತೆಂದರೆ ಮಲ್ಲೇಶಪ್ಪನವರು ಅದರ ಕೆಳಗೆ ಮಲಗಿರುವರು, ಹೊರಗೆ ಎರಡು ಕಾಲು ಮಾತ್ರ ಕಾಣುವುವು. ಓಣಿಯ ಜನ ಆ ಕಾಲುಗಳಿಗೇ ನಮಸ್ಕಾರ ಹೇಳಿ, ಕಾಲುಗಳ ಜೊತೆಗೇ ಸುಖದುಃಖ ಮಾತಾಡಿ ಮುಂದೆ ಹೋಗುತ್ತಿದ್ದರು. ಪ್ರತಿ ರಿಪೇರಿಯಲ್ಲೂ ಒಂದೆರಡು ನಟ್ಟು ಬೋಲ್ಟು ಉಳಿಯುವುವು. "ಕಟ್ಟಿದವರು ಕೈಬಿಚ್ಚಿ ಹಾಕಿರ್ತಾರ್ರಿ. ನಾವು ಹಿಡತದಾಗ ಹಾಕಬೇಕು" ಎನ್ನುವರು. ಅವರ ಹೆಂಡತಿ ನೀಲಕ್ಕನ ಅರ್ಧ ಅಡುಗೆಮನೆ ಕಾರಿನ ಕೆಳಗೇ ಇರುತ್ತಿತ್ತು. ರೊಟ್ಟಿ ಬಡಿಯಲು ಹಿಟ್ಟು ನಾದುವ ಪರಾತದಲ್ಲಿ ಅವರು ಇಂಜಿನ್ನಿನ ಎಣ್ಣೆ ಬಸಿಯುವರು. ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಆ ಮಾತನ್ನು ಅವರಿಬ್ಬರೂ ಆಡುತ್ತಿರಲಿಲ್ಲ, ನಾವೂ ಆಡುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲಿಗೆ ನನ್ನ ಮಗಳು ಹೆಣ್ಣುಕೂಸು ಹಡೆದಳು. ನಮ್ಮ ಮನೆಯ ಮೊದಲ ಮೊಮ್ಮಗಳು. ಸುದ್ದಿ ಬಂದಾಗ ಗೋಡೆ ಕಟ್ಟುತ್ತಿದ್ದೆ, ಕರಣೆ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿಬಿಟ್ಟೆ. ಕಂಡಕ್ಟರನಿಗೆ ಎಲ್ಲಿ ಇಳಿಯಬೇಕೆಂದು ಹೇಳಲಿಲ್ಲ, ಕೂಸಿನ ಮೂಗು ಯಾರ ಹಾಗಿರಬಹುದು ಎಂದು ಹೇಳಿದೆ. ಆಸ್ಪತ್ರೆಯಿಂದ ಬಂದು ಪೇಢೆ ಹಂಚಬೇಕು ಎನ್ನುವಷ್ಟರಲ್ಲಿ ಮಲ್ಲೇಶಪ್ಪನವರು ಇಡೀ ಓಣಿಗೆ ಹಂಚಿ ಮುಗಿಸಿದ್ದರು. ನನ್ನ ಕೈಗೂ ಒಂದು ಇಟ್ಟು, "ತಗೋರಿ, ಮೊಮ್ಮಗಳು ಹುಟ್ಯಾಳ" ಎಂದು ನನಗೇ ಸುದ್ದಿ ಹೇಳಿದರು.

ನಮ್ಮ ಮನೆದೇವರು ಮೈಲಾರಲಿಂಗ. ಪುಣೆಗೆ ಬಂದಮೇಲೆ ಜೇಜುರಿಯ ಖಂಡೋಬನೇ ನಮ್ಮ ಮೈಲಾರ. ಕೂಸನ್ನು ಮೊದಲ ಸಲ ಊರ ಹೊರಗೆ ಒಯ್ದರೆ ಅವನ ಬಳಿಗೇ ಒಯ್ಯಬೇಕು. ಬಾಣಂತನ ಮುಗಿದ ಮೇಲೆ ಒಂದು ರವಿವಾರ ಗೊತ್ತು ಮಾಡಿದೆವು. ಮಲ್ಲೇಶಪ್ಪನವರು ಬಂದು ಹೊಸ್ತಿಲಲ್ಲೇ ನಿಂತರು.

"ಕೂಸಿನ ಮೊದಲನೇ ಸವಾರಿ ನನ್ನ ಗಾಡ್ಯಾಗ ಆಗಲಿ. ಇದೊಂದು ನನಗ ಬಿಡ್ರಿ" ಎಂದರು.

ನನ್ನ ಹೆಂಡತಿ ಶರಣವ್ವ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಆ ಕಾರು ನಿಂತಲ್ಲೆಲ್ಲ ತಳ್ಳಿ ತಳ್ಳಿ ನನಗೆ ಬೆನ್ನುನೋವು ಬಂದದ್ದು ಅವಳಿಗೆ ಗೊತ್ತು. ಗಾಡಿಯಲ್ಲಿ ಒಂದೇ ಒಂದು ಫಾಲ್ಟು ಕಂಡರೂ ಕೂಸು ಎಸ್.ಟಿ. ಬಸ್ಸಿನಲ್ಲಿ ಹೋಗುತ್ತದೆ ಎಂದಳು. ಮಲ್ಲೇಶಪ್ಪನವರು ಆ ಷರತ್ತಿಗೆ ತಲೆಬಾಗಿದರು.

ಹಿಂದಿನ ರವಿವಾರವೇ ಇಂಜಿನ್ನಿನ ಕೆಳಗಿನ ಎಣ್ಣೆತೊಟ್ಟಿ ಬಿಚ್ಚಿ, ಸೋರುತ್ತಿದ್ದ ಪ್ಯಾಕಿಂಗ್ ಬದಲಿಸಿ ಮತ್ತೆ ಕೂರಿಸಿದರು. ಆ ಸಲ ಒಂದು ಬೋಲ್ಟೂ ಉಳಿಯಲಿಲ್ಲ. ತಮ್ಮ ಕೆಲಸ ತಮಗೇ ಎಷ್ಟು ಚಂದ ಕಂಡಿತೆಂದರೆ ದೃಷ್ಟಿ ತಾಗೀತೆಂದು ಹೆದರಿದರು. ಲೋಕವೆಲ್ಲ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಾರಿನ ಮುಂದೆ ಕಟ್ಟುತ್ತದೆ. ಇವರು ಬಾನೆಟ್ಟಿನ ಒಳಗೆ, ಇಂಜಿನ್ನಿನ ಮಗ್ಗುಲಿಗೇ ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿದರು. ರಿಪೇರಿ ಆದದ್ದು ಒಳಗೆ, ದೃಷ್ಟಿ ಬೀಳುವುದೂ ಒಳಗೇ ಎಂಬುದು ಅವರ ಲೆಕ್ಕ. ಆಮೇಲೆ ಗಾಡಿ ಚಾಲೂ ಮಾಡಿದರು. ಸ್ಟೇರಿಂಗಿನ ಮುಂದಿನ ಎಣ್ಣೆಯ ಕೆಂಪು ದೀಪ ಹತ್ತಿತು. ಇಂಜಿನ್ ತಿರುಗಿದೊಡನೆ ಆರಬೇಕಾದ ದೀಪ ಆರಲೇ ಇಲ್ಲ.

ಆ ವಾರವಿಡೀ ಸಂಜೆಗೆ ಅವರದು ಒಂದೇ ಕೆಲಸ. ಎಣ್ಣೆ ಹಾಕಿದರು, ದೀಪ ಉರಿಯಿತು. ಎಣ್ಣೆ ತೆಗೆದು ಸೋಸಿ ಮತ್ತೆ ಹಾಕಿದರು, ಉರಿಯಿತು. ತೊಟ್ಟಿ ಬಿಚ್ಚಿ ಮತ್ತೆ ಕೂರಿಸಿದರು, ಇನ್ನೂ ಹುರುಪಿನಿಂದ ಉರಿಯಿತು. ನೀಲಕ್ಕನ ಊದುಗೊಳವೆಯ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ಕೇಳಿದರು. ಒಳಗೆ ಎಲ್ಲ ಸೌಖ್ಯ ಎಂದರು. ನನಗೂ ಕೇಳಿಸಿದರು. ನನಗೆ ಕೇಳಿಸಿದ್ದು ಹಿಟ್ಟಿನ ಗಿರಣಿ, ಆದರೂ ಹೌದು ಸೌಖ್ಯ ಎಂದೆ. ಕಿವಿಯ ಸುತ್ತ ಅವರಿಗೆ ಒಂದು ಕಪ್ಪು ಬಳೆ ಮೂಡಿತ್ತು. ಅದೇ ಬಳೆಯೊಂದಿಗೆ ಕಚೇರಿಗೂ ಹೋಗಿಬಂದರು. ನಿಂಬೆಹಣ್ಣನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಶನಿವಾರದ ತನಕ ಅದನ್ನು ಬಿಚ್ಚಬಾರದು.

ಶುಕ್ರವಾರ ನೀಲಕ್ಕನಿಗೆ ಸಾಕಾಯಿತು. "ಆ ಬಲ್ಬ್ ಒಂದು ಕಿತ್ತರ ಆತಲ್ಲ? ಯಾರಿಗೆ ಗೊತ್ತಾಗ್ತದ?" ಎಂದಳು.

ಮಲ್ಲೇಶಪ್ಪನವರು ಕೈಯೊರೆಸಿಕೊಂಡರು. "ಜ್ವರಾ ಬಂದದಂತ ಹೇಳಿದ ಡಾಕ್ಟರನ ಬಾಯಿ ಕಟ್ಟಿದ್ರ ಜ್ವರಾ ಹೋಗ್ತದೇನು? ಕೂಸು ಕೂಡೂ ಗಾಡಿ ಅದು" ಎಂದರು.

ಶನಿವಾರ ಸಂಜೆ ತಾವೇ ನಮ್ಮ ಮನೆಗೆ ಬಂದು, ಬಸ್ಸಿಗೆ ಹೋಗಿಬನ್ನಿ ಎಂದರು. ಶರಣವ್ವನ ಮುಖ ನೋಡಲಿಲ್ಲ. ತೊಟ್ಟಿಲಲ್ಲಿದ್ದ ಕೂಸಿನ ಕಾಲಿಗೆ ಒಂದು ಬೆರಳು ತಾಗಿಸಿ ಎದ್ದರು. ಶರಣವ್ವ ಚಹಾಕ್ಕೆ ಕೂಡಿರಿ ಎಂದರೂ ಕೂಡಲಿಲ್ಲ. ನನಗೆ ತಡೆಯಲಾಗದೆ ಹಿಂದೆಯೇ ಹೋದೆ.

ಅಂಗಳದಲ್ಲಿ ನೀಲಕ್ಕ ವಾರದ ನಿಂಬೆಹಣ್ಣು ಬದಲಿಸಲು ಹಳೆಯದನ್ನು ತಂತಿ ಸಮೇತ ಬಿಚ್ಚಿದ್ದಳು. ಕಾರನ್ನು ಗೋಡೆಯ ಕಡೆ ಸರಿಸಿಡಲೆಂದು ಮಲ್ಲೇಶಪ್ಪನವರು ಚಾಲೂ ಮಾಡಿದರು. ದೀಪ ಹತ್ತಿತು, ಆರಿತು. ಇಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರು, ಆರಿತು. ಮಲ್ಲೇಶಪ್ಪನವರು ಇಳಿದು ಕಾರಿಗೆ ಕೈಮುಗಿದರು. ನೀಲಕ್ಕ ಸಂತೋಷದಿಂದ ಹೊಸ ನಿಂಬೆಹಣ್ಣನ್ನು ಅದೇ ತಂತಿಯಿಂದ ಅದೇ ಜಾಗಕ್ಕೆ ಕಟ್ಟಿದಳು. ದೀಪ ಹತ್ತಿಕೊಂಡು ನಿಂತಿತು.

ಆಗ ಮಲ್ಲೇಶಪ್ಪನವರು ಬಗ್ಗಿ ನೋಡಿದರು. ಇಂಜಿನ್ನಿನ ಮಗ್ಗುಲಲ್ಲಿ ಅಂಗಿಯ ಗುಂಡಿಯಂಥ ಒಂದು ಸಣ್ಣ ಸ್ವಿಚ್ಚು. ಎಣ್ಣೆಯ ಒತ್ತಡ ನೋಡಿ ದೀಪಕ್ಕೆ ಸುದ್ದಿ ಕಳಿಸುವುದು ಅದೇ. ಇವರ ಕಬ್ಬಿಣದ ತಂತಿ ಆ ಸ್ವಿಚ್ಚಿನ ತುದಿಯನ್ನು ತಬ್ಬಿಕೊಂಡು ಇಂಜಿನ್ನಿನ ಮೈಗೂ ತಾಗಿ, ಕರೆಂಟಿಗೆ ಅಡ್ಡದಾರಿ ಮಾಡಿಕೊಟ್ಟಿತ್ತು.

"ದೃಷ್ಟಿ ತಗದದ್ದೇ ದೃಷ್ಟಿ ಆಗಿ ಕೂತದ ನೋಡ್ರಿ" ಎಂದು ನೀಲಕ್ಕ ನಗಲು ಶುರು ಮಾಡಿದಳು. ನಕ್ಕು ನಕ್ಕು ತುಳಸಿಕಟ್ಟೆ ಹಿಡಿದುಕೊಂಡು ಕೂತಳು. ಮಲ್ಲೇಶಪ್ಪನವರು ನಗಲಿಲ್ಲ. ತಂತಿ ಬಿಸಾಡಿ ನೂಲುದಾರದಿಂದ ಕಾರಿನ ಮುಂದೆ ನಿಂಬೆಹಣ್ಣು ಕಟ್ಟಿ, ಶರಣವ್ವನನ್ನು ಕರೆತಂದು ಆರಿದ ದೀಪ ತೋರಿಸಿದರು. ಅವಳು ಇನ್ನೊಮ್ಮೆ ಚಾಲೂ ಮಾಡಿಸಿ ನೋಡಿದಳು. ಆಮೇಲೆ ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿದಳು. ಮಲ್ಲೇಶಪ್ಪನವರು ಆಗ ನಕ್ಕರು.

ಮರುದಿನ ಕೂಸು ನೀಲಕ್ಕನ ತೊಡೆಯ ಮೇಲೆ ಮಲಗಿ ಹೋಯಿತು. ದಿವೆ ಘಾಟಿನಲ್ಲಿ ಅವರು ಎಷ್ಟು ಜೋಪಾನವಾಗಿ ಓಡಿಸಿದರೆಂದರೆ ಮೇವಿನ ಎತ್ತಿನಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು, ಗಾಡಿಯವನು ಏನಾದರೂ ಸಹಾಯ ಬೇಕೇ ಎಂದೂ ಕೇಳಿದ. ಸಾಸವಡ ದಾಟಿದ ಮೇಲೆ ಕೂಸು ಸೀಟು ತೋಯಿಸಿತು. ಮಲ್ಲೇಶಪ್ಪನವರು ಅದನ್ನು ಒರೆಸಲು ಬಿಡಲಿಲ್ಲ. ಜೇಜುರಿಯಿಂದ ನಾವೂ ಕಾರೂ ಭಂಡಾರದ ಅರಿಶಿನದಲ್ಲಿ ಹಳದಿಯಾಗಿ ಮರಳಿದೆವು.

ಅದೇ ಕೂಸು, ನಮ್ಮ ಮಾಳು, ಈಗ ನಾಲ್ಕನೆಯ ಇಯತ್ತೆ. ನನ್ನನ್ನು ದಾಟಿ ಒಂದು ಇಯತ್ತೆ ಮುಂದೆ ಹೋಗಿದ್ದಾಳೆ, ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಅವಳ ತಾಯಿತಂದೆ ಇರುವುದೂ ಇದೇ ಓಣಿಯ ಕೊನೆಯಲ್ಲಿ. ಆದರೂ ಅವಳು ನಡೆಯಲು ಕಲಿತದ್ದು ಮಲ್ಲೇಶಪ್ಪನವರ ಬಂಪರು ಹಿಡಿದು.

ನಿವೃತ್ತಿಯಾದ ಮೇಲೆ ಅವರು ಧಾರವಾಡಕ್ಕೆ ಹೊರಟರು. ಸಾಮಾನು ಲಾರಿಯಲ್ಲಿ ಹೋಯಿತು, ಗಂಡಹೆಂಡತಿ ಕಾರಿನಲ್ಲಿ. ಮಾಳು ಮುಂದಿನ ಸೀಟು ಹತ್ತಿ ಕೂತು ಇಳಿಯಲು ಒಲ್ಲೆ ಎಂದಳು. ನಾನೇ ಎತ್ತಿ ಇಳಿಸಬೇಕಾಯಿತು. ಕಾರು ಹೊರಟಿತು, ಓಣಿಯ ತಿರುವಿನಲ್ಲಿ ನಿಂತುಬಿಟ್ಟಿತು. ಹಳೆಯ ಅಭ್ಯಾಸ, ತಳ್ಳಬೇಕಾದೀತು ಎಂದು ಅಂಗಿಯ ತೋಳು ಮಡಚಿಕೊಂಡು ಓಡಿದೆ. ಇಂಜಿನ್ ಸರಿಯಾಗಿಯೇ ತಿರುಗುತ್ತಿತ್ತು. ಮಲ್ಲೇಶಪ್ಪನವರು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಮುಂದೆ ನೋಡುತ್ತ ಕೂತಿದ್ದರು.

ಏನು ಫಾಲ್ಟು ಎಂದು ಕೇಳಿದೆ.

"ಗಾಡಿ ಛಲೋ ಅದರಿ," ಎಂದರು. "ನಿಂತಾಂವ ನಾನು."