ಬಸ್ತ್ಯಾಂವನ ಪಕ್ಕದ ಜಾಗ

ಪಾಸ್ಕಿಣಬಾಯಿಯ ಮನೆಗೆ ಬಂದವರು ಬರಿಗೈಲಿ ಹೋದದ್ದನ್ನು ಹಳಿಯಾಳ ಕಡೆಯ ಆ ಸಿದ್ದಿಗೇರಿಯಲ್ಲಿ ಯಾರೂ ಕಂಡಿಲ್ಲ. ಅಕ್ಕಿ ಇದ್ದರೆ ಅಕ್ಕಿ, ಇಲ್ಲದಿದ್ದರೆ ತಾನೇ ಹೊಲಿದ ಕೌದಿ. “ನಾಳಿಗೆ ಏನ್ ಮಾಡ್ತೀ?” ಎಂದು ಬೈದವರಿಗೆ, “ನಾಳೆ ದೇವರ ಕೈಯಾಗ ಐತಿ, ನಾ ಯಾಕ ಮುಠಿಗಿ ಬಿಗಿಹಿಡೀಲಿ?” ಎನ್ನುತ್ತಿದ್ದಳು. ಹುಚ್ಚಿ ಅಂದವರೂ ಇದ್ದರು. ಅವರೇ ಮೊದಲು ಕೈ ಚಾಚುತ್ತಿದ್ದರು ಬಿಡಿ.

ತನಗೆ ಅಂತ ಆಕೆ ಇಟ್ಟುಕೊಂಡದ್ದು ಇಗರ್ಜಿಯ ಹಿಂದೆ, ಗೋರಿಗಳ ನಡುವೆ, ಒಂದಾಳುದ್ದದ ನೆಲ ಮಾತ್ರ. ಗಂಡ ಬಸ್ತ್ಯಾಂವನನ್ನು ಮಣ್ಣು ಮಾಡಿದ ದಿನವೇ ಅವನ ಬಲಗಡೆ ಕಲ್ಲಿನ ಸಾಲು ಇಟ್ಟು ಬಂದಿದ್ದಳು. ಹಾಗೆ ಕಲ್ಲಿಟ್ಟ ಜಾಗವನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ, ಅದು ಹೆಂಡತಿಯದು. ಮಕ್ಕಳಿಲ್ಲದ ಪಾಸ್ಕಿಣಬಾಯಿ ಆಗಾಗ ಹೋಗಿ ಕಳೆ ಕಿತ್ತು, ಗಂಡನ ಜೊತೆ ಒಂದಿಷ್ಟು ಜಗಳ ಮಾಡಿ ಬರುತ್ತಿದ್ದಳು.

ಹೋದ ವರ್ಷ ಜುಲೈ ಮಳೆಯಲ್ಲಿ ನೆರೆಮನೆಯ ರೆಮೆಂದಿ ತೀರಿಕೊಂಡಳು. ಖಾಲಿ ಉಳಿದಿದ್ದ ಜಾಗವೆಲ್ಲ ಹಳ್ಳದ ದಂಡೆಯದು. ತೋಡಿದ ಕುಣಿ ನೋಡುನೋಡುತ್ತಲೇ ನೀರು ತುಂಬಿಕೊಂಡಿತು. ರೆಮೆಂದಿಯ ಮಗ ಮಿಂಗೇಲ ಕೆಸರುಗಾಲಲ್ಲೇ ಬಂದು ಪಾಸ್ಕಿಣಬಾಯಿಯ ಕಾಲಿಗೆ ಬಿದ್ದ.

“ಅವ್ವನ್ನ ನೀರಾಗ ಹೆಂಗ ಇಡ್ಲಿ, ಬಾಯಿ?”

ಕೇಳುತ್ತಿರುವುದು ಯಾವ ಜಾಗವೆಂದು ತಿಳಿಯದಷ್ಟು ಆಕೆ ದಡ್ಡಳಲ್ಲ.

“ಬಸ್ತ್ಯಾಂವನ ಬಾಜೂಕ ಇಡು,” ಎಂದಳು ಕೊನೆಗೆ. “ಕಡೀ ದಿನ ಸ್ವಾಮಿ ಕರದಾಗ ಎಲ್ಲಾರೂ ಗೋರ್ಯಾಗಿಂದ ಏಳೂದೇ ಐತಿ. ನಾ ಎಲ್ಲಿದ್ರೂ ನನ್ನ ಗಂಡ ಹುಡುಕ್ಕೊಂಡು ಬರ್ತಾನ.”

“ಬಸ್ತ್ಯಾಂವ ಕಾಕಾನ ಗೋರಿ ನಾ ನೋಡ್ಕೋತೇನಿ, ಅವ್ವನ ಆಣಿ,” ಎಂದ ಮಿಂಗೇಲ. ಅವನು ಹೋದ ಮೇಲೆ ಗೋಡೆಗೆ ಮುಖಮಾಡಿ ಅತ್ತಳು. ಕೊಡುವುದು ಸುಲಭ ಎನ್ನುವವರು ಯಾವತ್ತೂ ಏನನ್ನೂ ಕೊಟ್ಟಿರಲಿಕ್ಕಿಲ್ಲ.

ಈ ವರ್ಷ ಮಿಂಗೇಲನ ನಸೀಬು ಖುಲಾಯಿಸಿತು. ಗಣೇಶಗುಡಿಯಲ್ಲಿ ಹೋಮ್‌ಸ್ಟೇ ಹಾಕಿದ. ಪಾಸ್ಕಿಣಬಾಯಿ ಮಾತ್ರ ಬೇನೆಬಿದ್ದು ಮಳೆಗಾಲವಿಡೀ ಹಾಸಿಗೆ ಹಿಡಿದಳು. ನವೆಂಬರಿನಲ್ಲಿ, ಸತ್ತವರಿಗೆ ಮೇಣದಬತ್ತಿ ಹಚ್ಚುವ ದಿನ, ಕೋಲೂರಿಕೊಂಡು ಗೋರಿಗಳ ಕಡೆ ಹೋದಳು. ಬಸ್ತ್ಯಾಂವನ ಮಣ್ಣಿನ ದಿಬ್ಬ ಇರಲಿಲ್ಲ. ಕಟ್ಟಿಗೆಯ ಶಿಲುಬೆಯೂ ಇರಲಿಲ್ಲ. ರೆಮೆಂದಿಯ ಹೆಸರು ಕೆತ್ತಿದ ಕರಿಕಲ್ಲಿನ ಅಗಲವಾದ ಗೋರಿ ಎರಡೂ ಜಾಗವನ್ನು ನುಂಗಿ ಕೂತಿತ್ತು. ಮಿಂಗೇಲ ಅದಕ್ಕೆ ಹೂ ಹಾಕುತ್ತಿದ್ದ.

“ನನ್ನ ಗಂಡ ಎಲ್ಲಿ?”

“ಸಣ್ಣ ಕಲ್ಲು ಚಂದ ಕಾಣೂದಿಲ್ಲ, ಬಾಯಿ. ಕಾಕಾ ಕೆಳಗ ಅದಾನ, ಎಲ್ಲಿ ಹೋಗ್ತಾನ? ಕಡೀ ದಿನ ಎಲ್ಲಾರೂ ಏಳೂದೇ ಐತಿ ಅಂತ ನೀನ ಹೇಳಿದ್ದಿಯಲ್ಲ.”

ಚೂರಿ ಹಾಕುವವನು ಚೂರಿಯನ್ನಾದರೂ ತನ್ನ ಮನೆಯಿಂದ ತರಬೇಕು. ಈ ಮಹಾಶಯ ಆಕೆಯ ನಂಬಿಕೆಯನ್ನೇ ಕಸಿದು ಆಕೆಗೇ ಚುಚ್ಚಿದ್ದ. ಸುತ್ತ ನಿಂತ ಕೇರಿಯವರು ನೆಲ ನೋಡಿದರು. ಮಿಂಗೇಲನ ಹತ್ತಿರ ಕೆಲಸ ಹಿಡಿದವರು ಅವರಲ್ಲಿ ಬಹಳ ಇದ್ದರು.

ಪಾಸ್ಕಿಣಬಾಯಿ ಸೆರಗಿನಿಂದ ಎರಡು ಬತ್ತಿ ತೆಗೆದಳು. ಒಂದನ್ನು, ಗಂಡನ ತಲೆ ಇದ್ದೀತು ಎಂಬಲ್ಲಿ, ಆ ಕಲ್ಲಿನ ಮೇಲೇ ಹಚ್ಚಿದಳು. ಇನ್ನೊಂದು ರೆಮೆಂದಿಗೆಂದು ತಂದದ್ದು. ಮುರಿದು ಬಿಸಾಕಬೇಕೆನಿಸಿತು. ಆದರೆ ಮಗನ ಪಾಪಕ್ಕೆ ಸತ್ತವಳು ಏನು ಮಾಡಿಯಾಳು? ಅದನ್ನೂ ಹಚ್ಚಿದಳು.

“ಏಳೂದು ಖರೇನ ಐತಿ, ಮಿಂಗೇಲ,” ಎಂದಳು. “ಆವತ್ತು ಎದ್ದ ಕೂಡ್ಲೇ ನಿಮ್ಮವ್ವ ನನ್ನ ಗಂಡನ ಮಾರಿ ನೋಡಬೇಕು. ಪಾಪ, ಆಕಿ ಹೆಂಗ ನೋಡ್ತಾಳೋ?”