ಮಾವನ ಎಡೆಯ ಲೋಟ

ನಮ್ಮ ಯಜಮಾನ ಕುಡಿತ ಬಿಟ್ಟಾಗ ತರೀಕೆರೆಯ ಕಲ್ಯಾಣ ಮಂಟಪದಲ್ಲಿ ಅವನಿಗೆ ಶಾಲು ಹೊದಿಸಿದರು. ಎಂಟು ದಿನದ ಶಿಬಿರ. ಕೊನೆಯ ದಿನ ಹೆಂಡತಿಯರನ್ನೆಲ್ಲ ವೇದಿಕೆಗೆ ಕರೆದು ಗಂಡಂದಿರಿಗೆ ಆರತಿ ಮಾಡಿ ಎಂದರು. ಮಾಡಿದೆ. ಮೂವತ್ತೆಂಟು ವರ್ಷ ಚರಂಡಿಯಿಂದ ಎತ್ತಿ ತಂದವಳಿಗೆ ಒಂದು ತಟ್ಟೆ ಏನು ಭಾರ? ಹುಟ್ಟಿದಾಗಿನಿಂದ ನಾನು ಒಂದು ತೊಟ್ಟು ಮುಟ್ಟಿಲ್ಲ. ನನಗೆ ಯಾರೂ ಒಂದು ಟವೆಲ್ಲನ್ನೂ ಹೊದಿಸಲಿಲ್ಲ.

ಆಮೇಲೆ ಶುರುವಾಯಿತು ಇವನ ಉಪದೇಶ. ಚೌಳಹಿರಿಯೂರಿನ ಟೀ ಅಂಗಡಿ ಮುಂದೆ ಕೂತು, ಮೊನ್ನೆವರೆಗೆ ಜೊತೆಯಲ್ಲಿ ಕುಡಿದವರಿಗೇ ಬುದ್ಧಿ ಹೇಳುತ್ತಿದ್ದ. ಸಂಜೆಯಾದರೆ ಮಾತ್ರ ಬೋನಿಗೆ ಬಿದ್ದ ಹೆಗ್ಗಣದ ಹಾಗೆ ಅಂಗಳದಲ್ಲಿ ಸುತ್ತುತ್ತಿದ್ದ. ಮುದ್ದೆ ಗಂಟಾಗಿದೆ, ಸಾರಿಗೆ ಉಪ್ಪಿಲ್ಲ. ಕುಡಿಯುತ್ತಿದ್ದಾಗ ಏನು ಹಾಕಿದರೂ ತಿಂದು ಬಿದ್ದಿರುತ್ತಿದ್ದವನು! “ನೀನೇ ಎದ್ದು ಹಾಕ್ಕೋ” ಎನ್ನುತ್ತಿದ್ದೆ. ಕುಡಿತ ಬಿಟ್ಟ ಗಂಡಸು ದೇವರ ಸಮಾನ ಎಂದು ವೇದಿಕೆಯಲ್ಲಿ ಹೇಳಿದ್ದರು. ಹೇಳಿದವರು ಯಾರೂ ಇವನ ಜೊತೆ ಒಂದು ಸಂಜೆ ಕಳೆದಿರಲಿಲ್ಲ.

ಐದು ತಿಂಗಳಾಗಿತ್ತು, ಮಹಾಲಯ ಅಮಾವಾಸ್ಯೆ ಬಂತು. ಅವತ್ತು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದೆಲ್ಲ ಎಲೆ ಮುಂದೆ ಬರಬೇಕು. ನಮ್ಮ ಮಾವನಿಗೆ ಇಷ್ಟವಾದದ್ದು ಎರಡೇ, ಕೋಳಿ ಸಾರು ಮತ್ತು ಬ್ರಾಂದಿ. ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತೇವೆ. ಸ್ವಲ್ಪ ಹೊತ್ತಿಗೆ ಹಿರಿಮಗ ಬಾಗಿಲು ತಟ್ಟಿ, ಮೊದಲು ಒಬ್ಬನೇ ಒಳಗೆ ಹೋಗಿ ಕೈಮುಗಿದು ಬರಬೇಕು. ಹಿರಿಮಗ ಎಂದರೆ ಇವನೇ. ಪ್ರತಿ ವರ್ಷ ಹೊರಗೆ ಬಂದು, “ಅಪ್ಪ ಕುಡುದವ್ನೆ ಕಣ್ರೋ, ಲೋಟ ಅರ್ಧ ಆಗದೆ” ಎನ್ನುತ್ತಿದ್ದ. ಕುಡಿದವರು ಯಾರೆಂದು ಇವನ ಬಾಯಿಯ ವಾಸನೆಯೇ ಹೇಳುತ್ತಿತ್ತು. ಆದರೂ ಮನೆಮಂದಿಯೆಲ್ಲ ಕೆನ್ನೆ ಬಡಿದುಕೊಳ್ಳುತ್ತಿದ್ದರು.

ಈ ಸಲ ಬ್ರಾಂದಿ ಬೇಡ ಎಂದೆ. ಅಜ್ಜಂಪುರದಿಂದ ಬಂದಿದ್ದ ಮೈದುನ ಚೀಲದಿಂದ ಬಾಟಲಿ ತೆಗೆದೇಬಿಟ್ಟ.

“ಅಣ್ಣ ಬಿಟ್ಟ ಅಂತ ಅಪ್ಪುಂಗೂ ಬಿಡುಸ್ತೀಯೇನತ್ತಿಗೆ? ಪಾಪ, ವರ್ಷಕ್ಕೊಂದಿನ ಬತ್ತಾನೆ.”

“ನಿಮ್ಮಪ್ಪ ಹೋಗಿದ್ದೇ ಅದ್ರಿಂದ ಕಣಪ್ಪ. ಸತ್ಮೇಲೂ ಬೇಕಾ?”

“ಎಡೆ ಕಮ್ಮಿ ಮಾಡಿದ್ರೆ ಮನೇಗೆ ಒಳ್ಳೇದಾಗಲ್ಲ.”

“ಇಷ್ಟ್ ವರ್ಷ ತುಂಬ್ಸಿಟ್ಟು ಏನ್ ಒಳ್ಳೇದಾಯ್ತು? ಒಂದ್ ಹೇಳು ನೋಡಾನ.”

ಅವನು ಗಾಜಿನ ಲೋಟ ತುಂಬಿಸಿ ಎಲೆ ಪಕ್ಕ ಇಟ್ಟ. ಯಜಮಾನ ಗೋಡೆ ನೋಡುತ್ತಾ ನಿಂತಿದ್ದ. ಟೀ ಅಂಗಡಿಯ ಭಾಷಣ ಅವತ್ತು ಬಾಯಿಗೆ ಬರಲಿಲ್ಲ. ನಾನು ಬೊಟ್ಟಿಡುವ ನೆಪದಲ್ಲಿ ಬ್ರಾಂದಿಯ ಮಟ್ಟಕ್ಕೆ ಸರಿಯಾಗಿ ಲೋಟಕ್ಕೆ ಅರಿಶಿನದ ಗೆರೆ ಎಳೆದೆ.

ಹೊರಗೆ ಬಂದು ಕಾದೆವು. ಇವನು ಬಾಗಿಲು ತಟ್ಟಿ ಒಳಗೆ ಹೋದ. ಹೋದವನು ಬರಲೇ ಇಲ್ಲ. ಎಲೆ ಅಡಿಕೆ ಜಗಿದು ಉಗಿಯುವಷ್ಟು ಹೊತ್ತಾಯಿತು. ಮೈದುನ ಮೀಸೆಯಲ್ಲೇ ನಗುತ್ತಿದ್ದ. ನಾನು ಒಳಗೆ ನುಗ್ಗಲಿಲ್ಲ. ಬಾಟಲಿ ಬಚ್ಚಿಟ್ಟು, ಒಡೆದು, ಅಂತರಘಟ್ಟೆಯ ಅಮ್ಮನಿಗೆ ಹರಕೆ ಹೊತ್ತು ಸಾಕಾಗಿತ್ತು. ಕುಡಿಯುವುದಾದರೆ ಕುಡಿಯಲಿ, ನಾಳೆ ತರೀಕೆರೆಗೆ ಹೋಗಿ ಶಾಲು ವಾಪಸ್ ಕೊಟ್ಟು ಬರುತ್ತೇನೆ ಎಂದುಕೊಂಡೆ. ಹಾಗಂದುಕೊಂಡರೂ ಸೆರಗಿನ ತುದಿ ಕೈಯಲ್ಲಿ ಹೊಸೆದು ಹಗ್ಗವಾಗಿತ್ತು.

ಬಂದ. ಮುಖವೆಲ್ಲ ಬೆವರು.

“ಏನಣ್ಣ, ಅಪ್ಪ ಎಷ್ಟ್ ಕುಡುದವ್ನೆ?”

“ಮುಟ್ಟಿಲ್ಲ ಕಣೋ. ಅಪ್ಪನೂ ಬಿಟ್ಬಿಟ್ಟವ್ನೆ.”

ಸುಳ್ಳಿಗೆ ಅಷ್ಟು ವರ್ಷ ಕೆನ್ನೆ ಬಡಿದುಕೊಂಡವರು ಈಗ ಒಬ್ಬರೂ ಬಡಿದುಕೊಳ್ಳಲಿಲ್ಲ. ನಾನು ಹೋಗಿ ನೋಡಿದೆ. ಗೆರೆಗೆ ಸರಿಯಾಗಿ ಇತ್ತು. ನೀರು ಬೆರೆಸಿದ್ದಾನೇನೋ ಎಂದು ಮೂಸಿಯೂ ನೋಡಿದೆ. ಇವನನ್ನು ನಂಬುವುದು ನನಗೆ ಅಭ್ಯಾಸವಿಲ್ಲ. ಬೆರೆಸಿರಲಿಲ್ಲ. ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದೆ. ಮೈದುನ ಅಯ್ಯೋ ಎಂದ, ಅಪ್ಪ ಸತ್ತಾಗ ಅಂದದ್ದಕ್ಕಿಂತ ಜೋರಾಗಿ.

ಊಟಕ್ಕೆ ಕೂತಾಗ ಇವನು, “ಸಾರಿಗೆ ಉಪ್ಪು ಸಾಲ್ದು” ಎಂದ.

ಎದ್ದು ಹೋಗಿ ಉಪ್ಪಿನ ಡಬ್ಬಿ ತಂದುಕೊಟ್ಟೆ.