ಅಕ್ಕನ ಮುಖ ನೋಡಲು ಹೋದದ್ದು

ಮಗ್ಗೆಯಿಂದ ಬೆಳಗಿನ ಬಸ್ಸಿಗೆ ಹೊರಟೆ. ಗದ್ದೆಗಳ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ಮೊಮ್ಮಕ್ಕಳೇ, ನಿಮ್ಮ ತಾತ ತೀರಿಹೋದ ಮರುವರ್ಷ ಅದು. ಒಬ್ಬಳೇ ಊರು ದಾಟಿದ್ದು ಅದೇ ಮೊದಲು. ನಿಮ್ಮ ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಕಾಫಿ ಕೊಯ್ಲಿನ ಕಾಲ, ರಜೆ ಸಿಗಲಿಲ್ಲ. "ಕೊಯ್ಲು ಮುಗೀಲಿ, ನಾನೇ ಕರ್ಕೊಂಡೋಗ್ತೀನಿ ಕಣವ್ವ" ಎಂದ. ಅಷ್ಟು ದಿನ ಕಾಯಲು ನನಗೆ ಮನಸ್ಸಾಗಲಿಲ್ಲ.

ವಿಷಯ ಇಷ್ಟೇ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಸ್ವಾಮಿಗಳು ಹೇಳಿದ್ದರು: ಬಿಸಿಲೆ ದಾರಿಯಲ್ಲಿರುವ ಕನ್ಯಾಮಠದ ಸಿಸ್ಟರ್‌ಗಳು ತಮ್ಮ ಸಭೆಯ ಹಳೆಯ ಕಾಗದಪತ್ರ, ಪಟಗಳನ್ನೆಲ್ಲ ಹುಡುಕಿ ತೆಗೆದು ಒಪ್ಪ ಮಾಡುತ್ತಿದ್ದಾರೆ. ಹಳೆಯ ಪಟವೊಂದರಲ್ಲಿ ಕೆಲವು ಸಿಸ್ಟರ್‌ಗಳ ಗುರುತು ಸಿಗುತ್ತಿಲ್ಲ. ಆ ಕಾಲದಲ್ಲಿ ಮಠ ಸೇರಿದವರ ಮನೆಯವರು ಇದ್ದರೆ ಬಂದು ನೋಡಬೇಕಂತೆ.

ನನ್ನ ಅಕ್ಕ ಲೂಸಿ ಆ ಮಠ ಸೇರಿದಾಗ ನಾನು ಲಂಗ ಉಡುವ ಹುಡುಗಿ. ಆಗೆಲ್ಲ ಮಠ ಸೇರಿದವರನ್ನು ಮತ್ತೆ ಮನೆಗೆ ಕಳಿಸುವ ಪದ್ಧತಿ ಇರಲಿಲ್ಲ. ಕೆಲವು ವರ್ಷದ ಮೇಲೆ ಅವಳು ಚಳಿಜ್ವರದಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು, ಮಣ್ಣು ಮಾಡಿದ ಮೇಲೆ. ನಮ್ಮವ್ವ ಮಾತ್ರ ಅದಕ್ಕೆ ಮೊದಲೂ ಆಮೇಲೂ "ಅಲ್ಲಿ ಅದೆಷ್ಟು ಅಳ್ತಿದ್ಲೋ ನನ್ನ ಮಗಳು" ಎನ್ನುತ್ತಲೇ ಇದ್ದಳು. ಮನೆಯಲ್ಲಿ ಅಕ್ಕನ ಒಂದು ಪಟವೂ ಇರಲಿಲ್ಲ. ಅವಳ ಜಡೆ ನನಗೆ ನೆನಪಿತ್ತು, ನೀರು ಸೇದುವಾಗಿನ ಬಳೆ ಸದ್ದು ನೆನಪಿತ್ತು. ಮುಖ ಮಾತ್ರ ಎಂದೋ ಅಳಿಸಿಹೋಗಿತ್ತು. ಒಂದು ಸಲ ಅದನ್ನು ನೋಡಬೇಕಿತ್ತು.

ಆಲೂರಿನಲ್ಲಿ ಬಸ್ಸು ಬದಲಿಸಿದೆ. ನಯಾಪೈಸೆ ಬಂದಿದ್ದರೂ ಕಂಡಕ್ಟರನೂ ನಾನೂ ಆಣೆಯ ಲೆಕ್ಕದಲ್ಲೇ ಮಾತಾಡಿದೆವು. ಬಾಳ್ಳುಪೇಟೆ ದಾಟಿದ ಮೇಲೆ ಬಿಸಿಲು ಬಂತು. ಸಕಲೇಶಪುರದ ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಕಾಣುತ್ತಿದ್ದವು. ನಾನು ಹೋಗುವಷ್ಟರಲ್ಲಿ ಬಿಸಿಲೆ ಕಡೆಯ ಬಸ್ಸು ಹೊರಟುಹೋಗಿತ್ತು. ಹೋಟೆಲಿಗೆ ಒಬ್ಬಳೇ ನುಗ್ಗಲು ನಾಚಿಕೆಯಾಗಿ, ಒಂದು ಕಾಫಿ ಮಂಡಿಯ ಜಗುಲಿಯ ತುದಿಯಲ್ಲಿ ಕುಳಿತು ಬುತ್ತಿಯ ಅಕ್ಕಿರೊಟ್ಟಿ ತಿಂದೆ. ಸಂತೆಗೆ ಬಂದವರೆಲ್ಲ ಇಬ್ಬರು ಮೂವರಾಗಿ ಓಡಾಡುತ್ತಿದ್ದರು. ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಅರ್ಧ ರೊಟ್ಟಿಯನ್ನು ಮತ್ತೆ ಬುತ್ತಿಗೆ ಕಟ್ಟಿದೆ.

ಆ ಮಂಡಿಯ ಇಮಾಮ್ ಸಾಬರು ಕಾಫಿ ಮೂಟೆ ತರಲು ಲಾರಿ ಹೊರಡಿಸುತ್ತಿದ್ದರು. ಎಲ್ಲಿಗೆಂದು ಕೇಳಿದರು. ಹೇಳಿದೆ.

"ಕನ್ಯಾಮಠಕ್ಕಾ? ಈ ವಯಸ್ಸಲ್ಲಿ ಸಿಸ್ಟರ್ ಆಗಕ್ಕೆ ಹೊಂಟ್ರಾ ಅಕ್ಕ?"

ನಾನು ಸೆರಗು ಸರಿಮಾಡಿಕೊಂಡೆ. ಅವರೇ ನಕ್ಕು, "ತಮಾಷೆ ಮಾಡ್ದೆ. ಹತ್ತಿ, ಮುಂದ್ಗಡೆ ಕೂತ್ಕಳಿ. ನಮ್ ಲಾರಿ ಆ ಗೇಟಿನ್ ಮುಂದೇನೇ ಹೋಗ್ತೈತೆ" ಎಂದರು. ಬಾಡಿಗೆ ಕೊಡಹೋದರೆ ಕೈಯೊಡ್ಡಲಿಲ್ಲ. ದಾರಿಯುದ್ದಕ್ಕೂ ಅವರೇ ಮಾತಾಡಿದರು. ನಾನು ಹೂಂ ಎನ್ನುತ್ತಾ ಗುಡ್ಡಗಳನ್ನು ನೋಡಿದೆ. ಅಕ್ಕನೂ ಇದೇ ದಾರಿಯಲ್ಲಿ ಹೋಗಿರಬೇಕು, ಗಾಡಿಯಲ್ಲಿ.

ಮಠವೆಂದರೆ ಹಿಂದೆ ಯಾರೋ ಬಿಳಿ ದೊರೆಯ ಎಸ್ಟೇಟ್ ಬಂಗಲೆ. ಅದರ ಮುಂದಿನ ಕಾಫಿ ಕಣದಲ್ಲಿ ಕಾಫಿಯ ಬದಲು ಕಾಗದ ಒಣಹಾಕಿದ್ದರು! ಒಂದೊಂದು ಹಾಳೆಯ ಮೇಲೂ ಒಂದೊಂದು ಬೆಣಚುಕಲ್ಲು. ನಡುವೆ ಕುಕ್ಕರುಗಾಲಲ್ಲಿ ಕುಳಿತು ಮೆತ್ತನೆಯ ಬ್ರಷ್ಷಿನಿಂದ ಬೂಷ್ಟು ಒರೆಸುತ್ತಿದ್ದವರು ಸಿಸ್ಟರ್ ಫಿಲೋಮಿನಾ, ಮಂಗಳೂರಿನವರು. ಸಭೆಯ ಚರಿತ್ರೆ ಬರೆಯಲು ದೊಡ್ಡ ಮಠದಿಂದ ಬಂದಿದ್ದರು.

"ಸ್ತೋತ್ರ ಅಮ್ಮ" ಎಂದೆ.

"ಸ್ತೋತ್ರ, ಬನ್ನಿ ಬನ್ನಿ. ಅಲ್ಲಿ ಕಾಲಿಡಬೇಡಿ, ಅದು ನಮ್ಮ ಮೊದಲನೇ ಮದರ್ ಬರೆದದ್ದು. ಈ ಕಡೆಯಿಂದ."

ಕಾಲು ತೊಳೆದು, ಕಾಫಿ ಕುಡಿದ ಮೇಲೆ ಪಟ ತಂದರು. ಬಂಗಲೆಯ ಮೆಟ್ಟಿಲ ಮೇಲೆ ಒಂಬತ್ತು ಮಂದಿ. ಹುಬ್ಬಿನಿಂದ ಗಲ್ಲದವರೆಗೆ ಮಾತ್ರ ಮುಖ, ಉಳಿದದ್ದೆಲ್ಲ ಬಟ್ಟೆ. ಅಕ್ಕನಿಗೆ ಹಣೆಯ ಮೇಲೊಂದು ಗಾಯದ ಕಲೆ ಇತ್ತು. ಎಡಗೈಯ ಕಿರುಬೆರಳು ಸೊಟ್ಟ. ಅವೆರಡನ್ನು ನೆಚ್ಚಿಕೊಂಡೇ ಬಂದಿದ್ದೆ. ಪಟದಲ್ಲಿ ಎಲ್ಲರೂ ಹಣೆಗೆ ಬಿಳಿ ಪಟ್ಟಿ ಕಟ್ಟಿದ್ದರು. ಕೈಗಳನ್ನು ಅಗಲವಾದ ತೋಳೊಳಗೆ ಸೇರಿಸಿ ನಿಂತಿದ್ದರು. ಆಗ ಅದೇ ಪದ್ಧತಿಯಂತೆ.

"ಹೆಸರು ಯಾಕೆ ಬರೆದಿಲ್ಲ?" ಎಂದು ಕೇಳಿದೆ.

"ಬರೆದರೆ ಗರ್ವ ಬರ್ತದಂತೆ! ಅವರದ್ದು ದೀನತೆ, ತಲೆನೋವು ನನಗೆ" ಎಂದು ಸಿಸ್ಟರ್ ನಕ್ಕರು. "ಆರು ಜನರ ಗುರುತು ಸಿಕ್ಕಿದೆ. ಉಳಿದದ್ದು ಮೂವರು. ನಿಮ್ಮ ಅಕ್ಕ ಆ ವರ್ಷ ಇದೇ ಮನೆಯಲ್ಲಿದ್ದರು. ಈ ಮೂವರಲ್ಲಿ ಅವರು ಇರಲೇಬೇಕು ಅಲ್ವಾ?"

ಆ ಮೂರು ಮುಖಗಳನ್ನು ಎಷ್ಟು ಹೊತ್ತು ನೋಡಿದೆನೋ. ಕೊನೆಗೆ ಎಡತುದಿಯವಳ ಬಾಯಿ ನಮ್ಮವ್ವನ ಬಾಯಿಯ ಹಾಗೆ ಕಂಡಿತು. ತುಟಿಯ ಒಂದು ಮೂಲೆ ಸ್ವಲ್ಪ ಇಳಿದಿತ್ತು. "ಇವಳೇ" ಎಂದೆ. ಹೇಳಿದ ಮೇಲೆ ಅವಳು ಅಕ್ಕನೇ ಆಗಿಬಿಟ್ಟಳು. ಸಿಸ್ಟರ್ ಪಟದ ಹಿಂದೆ ಅವಳ ಜಾಗಕ್ಕೆ ಸರಿಯಾಗಿ ಸೀಸದಕಡ್ಡಿಯಲ್ಲಿ ಅಕ್ಕನ ಮಠದ ಹೆಸರು ಬರೆದರು: ಸಿಸ್ಟರ್ ಬೆನೆದಿಕ್ತ.

ರಾತ್ರಿ ಉಳಿಯಲು ನನಗೆ ಕೊಟ್ಟಿದ್ದ ಕೋಣೆಗೆ ಸಂಜೆ ಪಟವನ್ನೂ ಕಳಿಸಿಕೊಟ್ಟರು. ಕಿಟಕಿಯ ಹತ್ತಿರ ಹಿಡಿದು, ಬೆಳಕು ಇರುವವರೆಗೂ ಅವಳ ಹತ್ತಿರ ಮಾತಾಡಿದೆ. ಅವ್ವ ಹೇಗೆ ಹೋದಳು, ನಿಮ್ಮ ತಾತನ ಕಾಯಿಲೆ, ನೀವು ಹುಟ್ಟಿದ್ದು, ಯಾರಿಗೂ ಹೇಳದ ಒಂದೆರಡು ಮಾತು, ಎಲ್ಲವನ್ನೂ ಹೇಳಿಕೊಂಡೆ. ಬಹಳ ದಿನದ ಮೇಲೆ ಮನಸ್ಸು ಹಗುರವಾಗಿತ್ತು.

ಮರುದಿನ ಬೆಳಗ್ಗೆ ಪೂಜೆ ಆದ ಮೇಲೆ, ಹೊರಡುವ ಮುಂಚೆ ಹಿರಿಯರೊಬ್ಬರನ್ನು ಕಂಡು ಹೋಗಿ ಎಂದು ಸಿಸ್ಟರ್ ಫಿಲೋಮಿನಾ ಹಿಂದಿನ ಕೋಣೆಗೆ ಕರೆದೊಯ್ದರು. ಸಿಸ್ಟರ್ ಅಗಾತ, ನಮ್ಮ ಆಲೂರು ಕಡೆಯವರು. ಅಕ್ಕನ ಕಾಲದಲ್ಲಿ ಈ ಮಠದ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದವರು ಆಮೇಲೆ ಸಿಸ್ಟರ್ ಆಗಿದ್ದರು. ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಕಾಣದವರಿಗೆ ಪಟ ತೋರಿಸಿ ಏನು ಫಲವೆಂದು ಅವರನ್ನು ಯಾರೂ ಕೇಳಿರಲಿಲ್ಲ.

"ಬೆನೆದಿಕ್ತನ ತಂಗೀನಾ ನೀನು?" ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು. "ಅಯ್ಯೋ, ನಗೋ ಬೆನೆದಿಕ್ತ!"

"ನಗೋದಾ?" ಎಂದೆ.

"ಹೂಂ ಕಣವ್ವ. ಪಟ ತೆಗೆಯೋನು ಬಂದಿದ್ನಲ್ಲ, ಕರೀಬಟ್ಟೆ ಒಳಗೆ ತಲೆ ತೂರಿಸ್ಕಂಡು ನಿಂತ. ನಮ್ಮ ಹಸೀನ ಕರ ಹಿಂದ್ಗಡೆಯಿಂದ ಬಂದು ಅವನ ಪಂಚೆ ಚೀಪಕ್ಕೆ ಹಿಡ್ಕಂತು. ಎಲ್ರೂ ಕಲ್ಲಂಗೆ ನಿಂತವ್ರೆ. ಇವಳು ಕಿಸಕ್ ಅಂದ್ಬುಟ್ಲು. ಮದರ್ ಗದರಿದ್ರು. ತಿರ್ಗಾ ನಿಂತ್ರು, ತಿರ್ಗಾ ನಕ್ಲು. ಮದರ್‌ಗೆ ಸಿಟ್ಟು ಬಂದು, ಹೋಗೇ ಅಡಿಗೆಮನೆಗೆ ಅಂತ ಕಳಿಸ್ಬುಟ್ರು. ನನ್ ಪಕ್ಕ ಬಂದು ಕೂತ್ಕಂಡು, ಬಾಯಿಗೆ ಬಟ್ಟೆ ತುರುಕ್ಕಂಡು ನಕ್ಕಿದ್ದೇ ನಕ್ಕಿದ್ದು. ಪಟದಲ್ಲಿ ಅವಳಿಲ್ಲ ಕಣವ್ವ."

ಹಿಂದಿನ ಸಂಜೆ ನಾನು ಎಲ್ಲವನ್ನೂ ಹೇಳಿಕೊಂಡದ್ದು ಯಾರ ಹತ್ತಿರ?

ಸಿಸ್ಟರ್ ಫಿಲೋಮಿನಾ ಹೊರಗೆ ಬಂದು ಮೆಲ್ಲನೆ ರಬ್ಬರಿನಿಂದ ಪಟದ ಹಿಂದಿನ ಹೆಸರು ಅಳಿಸಿದರು. "ನನ್ನದೇ ತಪ್ಪು. ನಾನೇ ನಿಮ್ಮನ್ನು ಒತ್ತಾಯ ಮಾಡಿದ್ದು" ಎಂದರು.

ನಾನು ಎಂದೂ ಯಾರನ್ನೂ ಏನೂ ಬೇಕೆಂದು ಕೇಳಿದವಳಲ್ಲ. ಆವತ್ತು ಕೇಳಿದೆ. "ಅವಳು ನಕ್ಕಳು, ಅದಕ್ಕೆ ಪಟದಲ್ಲಿಲ್ಲ ಅಂತ ನಿಮ್ಮ ಚರಿತ್ರೆಯಲ್ಲಿ ಬರೀರಿ ಅಮ್ಮ."

"ಮದರ್ ಮೇಲೆ ದೂರು ಬರೆದ ಹಾಗೆ ಆಗ್ತದೆ. ದೊಡ್ಡ ಮಠದಲ್ಲಿ ಅದನ್ನು ಹೊಡೆದುಹಾಕಬಹುದು."

"ಅವರು ಹೊಡೆದುಹಾಕಲಿ. ನೀವು ಬರೀರಿ."

ಅವರು ನನ್ನನ್ನೊಮ್ಮೆ ನೋಡಿ, ಸೀಸದಕಡ್ಡಿ ಬಿಟ್ಟು ಶಾಯಿ ಪೆನ್ನು ತೆಗೆದರು. ಬರೆದು ನನಗೆ ಓದಿ ಹೇಳಿದರು.

ಬಸ್ಸು ಬಂದಾಗ ಅವರು ಗೇಟಿನವರೆಗೂ ಬಂದರು. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅಷ್ಟರಲ್ಲೇ ಅವರು ಕಣಕ್ಕೆ ಮರಳಿ ಹಾಳೆಗಳ ನಡುವೆ ಬಗ್ಗಿದ್ದರು. ಅವ್ವ ಬದುಕಿದ್ದರೆ ಮನೆಗೆ ಹೋಗಿ, ಅವಳು ಅಳುತ್ತಿರಲಿಲ್ಲವಂತೆ ಕಣವ್ವ ಎನ್ನಬಹುದಿತ್ತು. ಹೇಳಲು ಯಾರೂ ಇರಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಈಗ ಅಕ್ಕನನ್ನು ನೆನೆದರೆ ಎಡತುದಿಯಲ್ಲಿ ನಿಂತ ಆ ಯಾರದೋ ಮುಖವೇ ಬರುತ್ತದೆ. ಎಷ್ಟು ದೂಡಿದರೂ ಹೋಗುವುದಿಲ್ಲ. ಕಣ್ಣು ಮುಚ್ಚಿ ಅದನ್ನು ನಗಿಸಲು ನೋಡುತ್ತೇನೆ. ಅದು ನಗುವುದಿಲ್ಲ.